ಬಂದು ನೋಡಿ ಸಾಕು

ಭಾನುವಾರ ಬೆಳಿಗ್ಗೆ ನವಿ ಮುಂಬಯಿಯ ಸಿಬಿಡಿ ಬೇಲಾಪುರ ಸ್ಟೇಷನ್ನಿನ ಹೊರಗೆ ಒಂದೆರಡು ಬಿಳಿ ಟೆಂಪೋ ಟ್ರಾವೆಲರ್‌ಗಳು ನಿಂತಿರುತ್ತವೆ. ಗಾಜಿನ ಮೇಲೆ ಯಾವುದೋ ಹಿಲ್ಸ್, ಯಾವುದೋ ಗ್ರೀನ್ಸ್ ಎಂಬ ಸ್ಟಿಕ್ಕರು. ಕರ್ಜತ್, ನೇರಳ್, ಖೋಪೋಲಿ ಕಡೆಯ ಪ್ಲಾಟುಗಳನ್ನೋ ಪನವೇಲ್ ಆಚೆಯ ಫ್ಲ್ಯಾಟುಗಳನ್ನೋ ತೋರಿಸಿಕೊಂಡು ಬರುವ ಗಾಡಿಗಳಿವು. ಹೋಗಿ ಬರುವುದು ಫ್ರೀ, ನಾಷ್ಟಾ ಫ್ರೀ, ಮಧ್ಯಾಹ್ನದ ಊಟವೂ ಫ್ರೀ. ಕತ್ತಿಗೆ ಐಡಿ ಕಾರ್ಡು ತೂಗುಹಾಕಿಕೊಂಡ ಹುಡುಗನೊಬ್ಬ ಬಾಗಿಲ ಬಳಿ ಪಟ್ಟಿ ಹಿಡಿದು ಹೆಸರು ಕೂಗುತ್ತಾನೆ. ವಾರದ ನಡುವೆ ಫೋನ್ ಮಾಡಿದ್ದವನೂ ಅವನೇ. ಆ ಫೋನಿನಲ್ಲಿ ಅವನು ಪ್ಲಾಟು ಮಾರಲು ಹೋಗುವುದೇ ಇಲ್ಲ. "ಅಕ್ಕಾ, ತಗೊಳ್ಳಲೇಬೇಕು ಅಂತ ಏನೂ ಇಲ್ಲ, ಬಂದು ನೋಡಿ ಸಾಕು" ಅನ್ನುತ್ತಾನೆ, ಅಷ್ಟೇ.

ಹುಡುಗ ಮನಶ್ಶಾಸ್ತ್ರ ಓದಿದವನಲ್ಲ. ಆದರೆ ಅವನ ಬಾಯಿಗೆ ಬಂದ ಆ ಒಂದು ಮಾತಿನಲ್ಲಿ ಎರಡು ತಂತ್ರಗಳು ಜೋಡಿಯಾಗಿ ಕೂತಿವೆ. 'ಬಂದು ನೋಡಿ ಸಾಕು' ಎಂಬುದು ಒಂದು, 'ತಗೊಳ್ಳಲೇಬೇಕು ಅಂತ ಏನೂ ಇಲ್ಲ' ಎಂಬುದು ಇನ್ನೊಂದು. ಎರಡನ್ನೂ ವಿಜ್ಞಾನಿಗಳು ಬೀದಿಗಿಳಿದು ಪರೀಕ್ಷಿಸಿದ್ದಾರೆ. ಎರಡನೆಯದನ್ನು ಆಮೇಲೆ ನೋಡೋಣ, ಅದರಲ್ಲಿ ಒಂದು ತಿರುವಿದೆ.

ಮೊದಲನೆಯದರ ಕತೆ 1966ರದು. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಜೊನಾಥನ್ ಫ್ರೀಡ್‌ಮನ್ ಮತ್ತು ಸ್ಕಾಟ್ ಫ್ರೇಸರ್ ಎಂಬಿಬ್ಬರು ಮನೆಮನೆಗೆ ಜನ ಕಳಿಸಿ ಒಂದು ವಿಚಿತ್ರ ಬೇಡಿಕೆ ಇಟ್ಟರು. 'ಎಚ್ಚರದಿಂದ ವಾಹನ ಓಡಿಸಿ' ಎಂಬ ದೊಡ್ಡ ಫಲಕವನ್ನು ನಿಮ್ಮ ಅಂಗಳದಲ್ಲಿ ನೆಡುತ್ತೇವೆ, ಒಪ್ಪುತ್ತೀರಾ ಎಂದು ಕೇಳಿಸಿದರು. ತೋರಿಸಿದ ಫೋಟೋದಲ್ಲಿ ಅಕ್ಷರಗಳು ಅಂದಗೆಟ್ಟಿದ್ದವು, ಫಲಕ ಮನೆಯ ಮುಂಭಾಗವನ್ನೇ ನುಂಗಿಹಾಕಿತ್ತು. ನೂರಕ್ಕೆ 17 ಜನ ಮಾತ್ರ ಒಪ್ಪಿದರು. ಆ 17 ಜನರೂ ಯಾಕೆ ಒಪ್ಪಿದರೋ ಎನಿಸುವಂಥ ಬೇಡಿಕೆ ಅದು. ಆದರೆ ಇನ್ನೊಂದು ಗುಂಪಿನ ಮನೆಗಳಲ್ಲಿ ನೂರಕ್ಕೆ 76 ಜನ ಒಪ್ಪಿಬಿಟ್ಟರು. ಆ ಮನೆಗಳಿಗೆ ಎರಡು ವಾರ ಮೊದಲು ಬೇರೊಬ್ಬರು ಹೋಗಿ, ಸುರಕ್ಷಿತ ಚಾಲನೆಯ ಬಗ್ಗೆ ಒಂದು ಪುಟ್ಟ ಚೀಟಿಯನ್ನು ಕಿಟಕಿಗೋ ಕಾರಿಗೋ ಅಂಟಿಸಿಕೊಳ್ಳಿ ಎಂದು ಕೇಳಿದ್ದರು. ಯಾರು ಬೇಡ ಅಂದಾರು?

ಇಲ್ಲಿ ಗಮನಿಸಬೇಕಾದದ್ದು ಆ 'ಬೇರೊಬ್ಬರು'. ಎರಡನೇ ಸಲ ಬಂದವನು ಮೊದಲು ಬಂದವನಲ್ಲ, ಹಾಗಾಗಿ ದಾಕ್ಷಿಣ್ಯದ ಮಾತೇ ಇಲ್ಲ. ಬದಲಾದದ್ದು ಮನೆಯವರು ತಮ್ಮನ್ನು ತಾವು ನೋಡಿಕೊಳ್ಳುವ ರೀತಿ. ಡ್ಯಾರಿಲ್ ಬೆಮ್ ಎಂಬ ಮನಶ್ಶಾಸ್ತ್ರಜ್ಞ ಇದಕ್ಕೆ ಹೊಂದುವ ವಿವರಣೆ ಕೊಟ್ಟರು: ನಾವು ಎಂಥವರು ಎಂದು ತಿಳಿಯಲು ನಾವೂ ಹೊರಗಿನವರಂತೆ ನಮ್ಮ ನಡತೆಯನ್ನೇ ನೋಡುತ್ತೇವೆ. ಚೀಟಿ ಅಂಟಿಸಿದ್ದೇನೆ, ಅಂದಮೇಲೆ ನಾನು ಇಂಥ ಕೆಲಸಕ್ಕೆ ಆಗಿಬರುವವನು. ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ, ಮಕ್ಕಳನ್ನು ಹೊರಡಿಸಿ, ಬೇಲಾಪುರದಲ್ಲಿ ಗಾಡಿ ಹತ್ತಿ ಕೂತ ಗಂಡ ಹೆಂಡತಿ ಆಗಲೇ 'ಜಾಗ ನೋಡುತ್ತಿರುವವರು' ಆಗಿರುತ್ತಾರೆ. ಶನಿವಾರ ರಾತ್ರಿ ಅವರು ಹಾಗಿರಲಿಲ್ಲ.

ಇದೇನೂ ಮಂತ್ರವಲ್ಲ, ಅದನ್ನೂ ಹೇಳಿಬಿಡಬೇಕು. ಮಾರ್ಕೆಟಿಂಗ್ ತರಬೇತಿಗಳಲ್ಲಿ ಇಂಥ ಪ್ರಯೋಗಗಳನ್ನು ವಶೀಕರಣ ವಿದ್ಯೆಯ ಹಾಗೆ ಮಾರುತ್ತಾರೆ. 1983ರಲ್ಲಿ ಆರ್ಥರ್ ಬೀಮನ್ ಮತ್ತು ಸಂಗಡಿಗರು ಆವರೆಗಿನ ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ಲೆಕ್ಕ ತೆಗೆದಾಗ ಸುಮಾರು ಅರ್ಧದಷ್ಟರಲ್ಲಿ ಪರಿಣಾಮವೇ ಕಂಡಿರಲಿಲ್ಲ, ಅಥವಾ ಉಲ್ಟಾ ಹೊಡೆದಿತ್ತು. ಒಟ್ಟಾರೆ ಪರಿಣಾಮ ಇದೆ, ಆದರೆ ಸಣ್ಣದು. ನೂರು ಫೋನು ಮಾಡುವವನಿಗೆ ಸಣ್ಣ ಪರಿಣಾಮವೇ ಬೇಕಾದಷ್ಟಾಯಿತು. ಒಬ್ಬೊಬ್ಬ ಗಿರಾಕಿಯನ್ನೂ ಗೆಲ್ಲಬೇಕಾದ ದರ್ದು ಅವನಿಗಿಲ್ಲ.

ಗಾಡಿ ಹೊರಟು ಖಾರ್ಘರ್ ದಾಟುವಷ್ಟರಲ್ಲಿ ಹುಡುಗ ಪಟ್ಟಿಯಲ್ಲಿನ ಅಡ್ಡಹೆಸರು ನೋಡಿ "ಊರು ಯಾವುದು ಅಂಕಲ್, ಕುಂದಾಪುರದ ಕಡೆಯಾ?" ಅನ್ನುತ್ತಾನೆ. ಮುಂಬಯಿಯಲ್ಲಿ ಮೂವತ್ತು ವರ್ಷ ಕಳೆದವರೂ ಈ ಪ್ರಶ್ನೆಗೆ ಕರಗುವುದನ್ನು ಯಾರು ಬೇಕಾದರೂ ನೋಡಬಹುದು. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ರಾಬರ್ಟ್ ಚಾಲ್ಡಿನಿ 1984ರ ತಮ್ಮ ಪುಸ್ತಕದಲ್ಲಿ ಮನವೊಲಿಕೆಯ ಆರು ತತ್ವಗಳನ್ನು ಪಟ್ಟಿಮಾಡಿದ್ದರು. 2016ರಲ್ಲಿ ಏಳನೆಯದೊಂದನ್ನು ಸೇರಿಸಿದರು, 'ಇವನು ನಮ್ಮವನು' ಎಂಬ ಭಾವ. ಡೊಂಬಿವಲಿಯಲ್ಲೋ ನೆರೂಳಿನಲ್ಲೋ ಎಲ್‌ಐಸಿ ಏಜೆಂಟರಾಗಿದ್ದ ನಮ್ಮ ಹಿಂದಿನ ತಲೆಮಾರಿಗೆ ಈ ಏಳನೆಯದೇ ಮೊದಲನೆಯದಾಗಿತ್ತು.

ನಾಷ್ಟಾದ ಲೆಕ್ಕಕ್ಕೂ ಪ್ರಯೋಗವಿದೆ. ಡೆನ್ನಿಸ್ ರೀಗನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಕ್ಕದಲ್ಲಿ ಕೂತ ಯುವಕ ಬಿಡುವಿನಲ್ಲಿ ಎದ್ದುಹೋಗಿ, ಯಾರೂ ಕೇಳದಿದ್ದರೂ, ಎರಡು ಕೋಕಾ ಕೋಲಾ ತರುತ್ತಾನೆ. ಒಂದು ತನಗೆ, ಒಂದು ನಿಮಗೆ. ಸ್ವಲ್ಪ ಹೊತ್ತಿನ ಮೇಲೆ 'ನನ್ನ ಲಾಟರಿ ಟಿಕೆಟ್ ಕೊಳ್ಳುತ್ತೀರಾ' ಎನ್ನುತ್ತಾನೆ. ಕೋಲಾ ಕುಡಿದವರು ಕುಡಿಯದವರಿಗಿಂತ ಹೆಚ್ಚುಕಡಿಮೆ ದುಪ್ಪಟ್ಟು ಟಿಕೆಟ್ ಕೊಂಡರು. ಆ ಯುವಕನನ್ನು ಇಷ್ಟಪಡದವರೂ ಕೊಂಡರು ಎಂಬುದು ಇದರಲ್ಲಿ ಸ್ವಾರಸ್ಯ. ಉಂಡ ಋಣಕ್ಕೆ ಪ್ರೀತಿ ಬೇಕಿಲ್ಲ. ಕಾಗದದ ತಟ್ಟೆಯಲ್ಲಿ ಎರಡು ವಡಾಪಾವ್, ಮೇಲೊಂದು ಕಟಿಂಗ್ ಚಹಾ ಕೊಟ್ಟವನ ಎದುರು ಕುರ್ಚಿಯಲ್ಲಿ ಕೂತು ಬ್ರೋಶರ್ ತೆರೆಯದೆ ಎದ್ದುಬರುವುದು ನಮ್ಮ ಜನಕ್ಕೆ ಸುಲಭವಲ್ಲ.

ಸೈಟಿನಲ್ಲಿ ಬೆಲೆ ಹೇಳುವಾಗ ಇನ್ನೊಂದು ತಂತ್ರ ಶುರುವಾಗುತ್ತದೆ. ಹೋರ್ಡಿಂಗಿನಲ್ಲಿ ದೊಡ್ಡ ಅಂಕಿ, ಪಕ್ಕದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನಕ್ಷತ್ರ ಚಿಹ್ನೆ. ಮನಸ್ಸು ಒಪ್ಪಿ, ಬಾಲ್ಕನಿಯಿಂದ ಬೆಟ್ಟ ನೋಡಿ, ಮಗಳ ರೂಮು ಯಾವುದೆಂದು ಗೊತ್ತುಮಾಡಿದ ಮೇಲೆ ಹಾಳೆಯೊಂದು ಮೇಜಿಗೆ ಬರುತ್ತದೆ: ಫ್ಲೋರ್ ರೈಸ್, ಪಾರ್ಕಿಂಗ್, ಡೆವಲಪ್‌ಮೆಂಟ್ ಚಾರ್ಜು, ಮುಂಗಡ ಮೇಂಟೆನೆನ್ಸ್, ಸ್ಟಾಂಪ್ ಡ್ಯೂಟಿ, ಜಿಎಸ್‌ಟಿ. ಆಗಲೂ ಎದ್ದುಬರಬಹುದು, ಬಹಳ ಜನ ಬರುವುದಿಲ್ಲ. 1978ರಲ್ಲಿ ಚಾಲ್ಡಿನಿ ತಂಡ ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿತು. ಒಂದು ಪ್ರಯೋಗಕ್ಕೆ ಬೆಳಿಗ್ಗೆ ಏಳಕ್ಕೆ ಬರಬೇಕು ಎಂದು ಮೊದಲೇ ಹೇಳಿದಾಗ ನೂರಕ್ಕೆ 31 ಜನ ಒಪ್ಪಿದರು. ಮೊದಲು ಬರುತ್ತೀರಾ ಎಂದು ಒಪ್ಪಿಸಿ, ಆಮೇಲೆ ಹೊತ್ತು ಏಳು ಗಂಟೆ ಎಂದಾಗ 56 ಜನ ಮಾತಿಗೆ ನಿಂತರು. ಮಾತು ಕೊಟ್ಟ ಕ್ಷಣದಿಂದ ಮನಸ್ಸು ಆ ನಿರ್ಧಾರಕ್ಕೆ ತಾನಾಗಿ ಹೊಸ ಕಾರಣಗಳನ್ನು ಕಟ್ಟಿಕೊಂಡಿರುತ್ತದೆ. ಮೊದಲು ಒಪ್ಪಿಗೆಗೆ ಕಾರಣವಾಗಿದ್ದ ಬೆಲೆ ಮಾಯವಾದರೂ ಒಪ್ಪಿಗೆ ಮಾತ್ರ ಆ ಹೊಸ ಕಾರಣಗಳ ಮೇಲೆ ನಿಂತುಬಿಡುತ್ತದೆ.

ಕಾನೂನು ಇದನ್ನು ತಡವಾಗಿಯಾದರೂ ಗಮನಿಸಿದೆ. ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ರೇರಾ ಕಾಯ್ದೆಯ 13ನೇ ಕಲಮಿನ ಪ್ರಕಾರ ನೋಂದಾಯಿತ ಮಾರಾಟದ ಕರಾರು ಆಗುವ ಮೊದಲು ಬಿಲ್ಡರ್ ಬೆಲೆಯ 10 ಶೇಕಡಾಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಆನ್‌ಲೈನ್ ವ್ಯಾಪಾರಕ್ಕೆ ಕೇಂದ್ರ ಸರ್ಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ಕಪಟ ವಿನ್ಯಾಸಗಳ ಪಟ್ಟಿಯಿದೆ. ಬೆಲೆಯನ್ನು ಹನಿಹನಿಯಾಗಿ ಬಿಚ್ಚುವುದು, 'ಇನ್ನೆರಡೇ ಉಳಿದಿವೆ' ಎಂದು ಸುಳ್ಳು ಅವಸರ ಹುಟ್ಟಿಸುವುದು ಎರಡೂ ಅದರಲ್ಲಿ ಬರುತ್ತವೆ. ಸೈಟಿನ ಮೇಜಿನ ಮೇಲೆ ಇದೇ ಕೆಲಸವನ್ನು ಬಾಯಲ್ಲಿ ಮಾಡುವ ಹುಡುಗನಿಗೆ ಆ ಮಾರ್ಗಸೂಚಿ ತಾಗುವುದಿಲ್ಲ.

ಇವೆಲ್ಲದಕ್ಕೂ ಉಲ್ಟಾ ದಿಕ್ಕಿನಿಂದ ಬರುವ ಒಂದು ತಂತ್ರ ನೋಡಬೇಕೆಂದರೆ ಬೇಲಾಪುರಕ್ಕೆ ಅಂಟಿಕೊಂಡಿರುವ ದಿವಾಳೆಯ ಮೀನು ಮಾರುಕಟ್ಟೆಗೆ ಹೋಗಬೇಕು. ನಮ್ಮವರು ಮಾಂಜಿ ಅನ್ನುವ ಮೀನು ಇಲ್ಲಿ ಪಾಪ್ಲೆಟ್. ಜೋಡಿಗೆ ಸಾವಿರದಿನ್ನೂರು ಎನ್ನುತ್ತಾಳೆ ಮೀನುಗಾರ ಕೋಳಿ ಸಮುದಾಯದ ಹೆಂಗಸು. ನೀವು ಹೌಹಾರಿ ಎರಡು ಹೆಜ್ಜೆ ಮುಂದೆ ಹೋಗುತ್ತೀರಿ. ಆಕೆ ಕೂಗಿ ಕರೆದು, ಇನ್ನೂ ಬೋಣಿ ಆಗಿಲ್ಲ, ಎಂಟುನೂರು ಕೊಡಿ ಅನ್ನುತ್ತಾಳೆ. ಮೊದಲೇ ಎಂಟುನೂರು ಅಂದಿದ್ದರೆ ಏಳುನೂರಕ್ಕೆ ಜಗಳವಾಡುತ್ತಿದ್ದಿರಿ. 1975ರಲ್ಲಿ ಚಾಲ್ಡಿನಿ ತಂಡ ವಿದ್ಯಾರ್ಥಿಗಳನ್ನು ನಿಲ್ಲಿಸಿ, ಬಾಲಾಪರಾಧಿಗಳನ್ನು ಒಂದು ದಿನ ಮೃಗಾಲಯಕ್ಕೆ ಕರೆದೊಯ್ಯುತ್ತೀರಾ ಎಂದು ಕೇಳಿದಾಗ 17 ಶೇಕಡಾ ಒಪ್ಪಿದರು. ಮೊದಲು 'ವಾರಕ್ಕೆ ಎರಡು ಗಂಟೆಯಂತೆ ಎರಡು ವರ್ಷ ಇವರಿಗೆ ಮಾರ್ಗದರ್ಶನ ಮಾಡಿ' ಎಂದು ಕೇಳಿ, ಇಲ್ಲವೆನ್ನಿಸಿಕೊಂಡು, ಆಮೇಲೆ ಮೃಗಾಲಯಕ್ಕೆ ಇಳಿದಾಗ 50 ಶೇಕಡಾ ಒಪ್ಪಿದರು. ದೊಡ್ಡ ಬೇಡಿಕೆ ಒಬ್ಬರು ಇಟ್ಟು, ಸಣ್ಣದನ್ನು ಬೇರೊಬ್ಬರು ಕೇಳಿದರೆ ಮಾತ್ರ ಈ ಲಾಭ ಹೋಗಿಬಿಡುತ್ತದೆ. ಇಳಿದು ಬಂದವನೇ ಎದುರಿಗಿರಬೇಕು, ಆಗಲೇ ನಾವೂ ಒಂದು ಮೆಟ್ಟಿಲು ಇಳಿಯಬೇಕೆನಿಸುವುದು. 2021ರಲ್ಲಿ ಒಲಿವರ್ ಗೆನ್ಶೋ ಮತ್ತು ಸಂಗಡಿಗರು ಜರ್ಮನಿಯಲ್ಲಿ ಇದನ್ನು ಮತ್ತೆ ಮಾಡಿ ನೋಡಿದರು, ಪರಿಣಾಮ ನಿಂತಿತು. ಮನಶ್ಶಾಸ್ತ್ರದ ಎಷ್ಟೋ ಹಳೆಯ ಪ್ರಯೋಗಗಳು ಇಂಥ ಮರುಪರೀಕ್ಷೆಯಲ್ಲಿ ಮುಗ್ಗರಿಸಿರುವ ಈ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ. ದಿವಾಳೆಯಲ್ಲಿ ಇದರ ಮೇಲೆ ಕೊಸರಾಗಿ ಎರಡು ಬಂಗುಡೆಯೂ ಬೀಳುತ್ತದೆ.

ತಂತ್ರ ಎಂದೊಡನೆ ಮೋಸ ಎಂದು ಓದಿಕೊಳ್ಳುವುದು ತಪ್ಪು. ಮುಂಬಯಿಯ ನಮ್ಮ ಕನ್ನಡ ಸಂಘಗಳ ರಸೀದಿ ಪುಸ್ತಕವನ್ನೇ ನೋಡಿ. ಮಳೆಗಾಲದಲ್ಲಿ ಊರಿನಿಂದ ಯಕ್ಷಗಾನ ಮೇಳ ಬರುವಾಗ ಕಾರ್ಯದರ್ಶಿ ಮೊದಲು ಹೋಗುವುದು ಹೋಟೆಲಿನ ದೊಡ್ಡ ಧನಿಗಳ ಬಳಿಗೆ. ಅವರ ಹೆಸರಿನ ಮುಂದೆ 5001 ಎಂದು ಬರೆಸಿಕೊಂಡ ಮೇಲೆಯೇ ಆ ಹಾಳೆ ಉಳಿದವರ ಮನೆಗೆ ಹೋಗುವುದು. ಹಾಳೆ ಖಾಲಿಯಿದ್ದರೆ ನೂರೊಂದು ಬರೆಯುವ ಕೈ, ಮೇಲಿನ ಹೆಸರುಗಳನ್ನು ಓದಿದ ಮೇಲೆ ಐನೂರೊಂದು ಬರೆಯುತ್ತದೆ. ಕೊಟ್ಟವರ ಪಟ್ಟಿ ತೋರಿಸಿ ಕೇಳಿದರೆ ಹೆಚ್ಚು ಜನ ಕೊಡುತ್ತಾರೆಂದು ಪೀಟರ್ ರೈಂಗನ್ 1982ರಲ್ಲಿ ತೋರಿಸಿದರು. 'ಫೂಲ ನಾ ಫುಲಾಚೀ ಪಾಕಳೀ' ಎಂದು ಮರಾಠಿಯವರು ಚಂದಾ ಎತ್ತುವಾಗ ಅನ್ನುತ್ತಾರಲ್ಲ, ಹೂವಲ್ಲದಿದ್ದರೆ ಹೂವಿನ ಎಸಳಾದರೂ ಕೊಡಿ ಎಂದು, ಅದಕ್ಕೂ ಪ್ರಯೋಗವಿದೆ. ಚಾಲ್ಡಿನಿ ಮತ್ತು ಡೇವಿಡ್ ಶ್ರೋಡರ್ 1976ರಲ್ಲಿ ಕ್ಯಾನ್ಸರ್ ಸಂಸ್ಥೆಗೆ ದೇಣಿಗೆ ಕೇಳಿಸುವಾಗ 'ಒಂದು ಪೆನ್ನಿಯಾದರೂ ಸಾಕು' ಎಂದು ಸೇರಿಸಿದಾಗ ಕೊಟ್ಟವರು 29 ಶೇಕಡಾದಿಂದ 50ಕ್ಕೆ ಏರಿದರು. ಹಾಗೆಂದು ಒಬ್ಬೊಬ್ಬರು ಕೊಟ್ಟ ಮೊತ್ತವೇನೂ ಕುಗ್ಗಲಿಲ್ಲ.

ಆದರೆ ಸಣ್ಣ ಬೇಡಿಕೆಯ ಶಕ್ತಿಯನ್ನು ನಮ್ಮವರು ಪಾಲೊ ಆಲ್ಟೊಗಿಂತ ಬಹಳ ಮೊದಲೇ ಕಂಡುಕೊಂಡಿದ್ದರು. ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ 1925ರಲ್ಲಿ ಉಡುಪಿಯಲ್ಲಿ 8000 ರೂಪಾಯಿ ಬಂಡವಾಳದಿಂದ ಶುರುಮಾಡಿದ ಬ್ಯಾಂಕು, ಮುಂದಿನ ಸಿಂಡಿಕೇಟ್ ಬ್ಯಾಂಕು, 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟು ದಿನವೂ ಮನೆಗೆ, ಅಂಗಡಿಗೆ ತಾನೇ ಬಂದು ಎರಡಾಣೆಯಷ್ಟು ಚಿಲ್ಲರೆಯನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದ. ತಿಂಗಳಿಗೆ ನಾಲ್ಕು ರೂಪಾಯಿ ಉಳಿಸಿ ಎಂದರೆ ತಲೆಯಾಡಿಸದ ಜನ ದಿನಕ್ಕೆ ಎರಡಾಣೆಗೆ ಬೇಡ ಅನ್ನಲಾಗಲಿಲ್ಲ. ಕೆಲವು ತಿಂಗಳಲ್ಲಿ ಅವರು ತಮ್ಮ ಕಣ್ಣಿಗೇ 'ಬ್ಯಾಂಕಿನಲ್ಲಿ ದುಡ್ಡಿಡುವವರು' ಆಗಿದ್ದರು. ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಪದ್ಧತಿ ಉಳಿದಿದೆ, ಸಂಜೆಯಾದರೆ ನವಿ ಮುಂಬಯಿಯ ಅಂಗಡಿಗಳ ಗಲ್ಲಾದ ಮುಂದೆ ಪತಪೇಢಿ ಎಂಬ ಪತ್ತಿನ ಸಹಕಾರ ಸಂಘಗಳ ಡೈಲಿ ಕಲೆಕ್ಷನ್ನಿನವರು ಸಣ್ಣ ಯಂತ್ರ ಹಿಡಿದು ನಿಲ್ಲುತ್ತಾರೆ.

ಅದೇ ಮೆಟ್ಟಿಲುಗಳನ್ನು ಪಾತಾಳಕ್ಕೂ ಇಳಿಸಬಹುದು. ಬೇಲಾಪುರದಿಂದ ಲೋಕಲ್‌ನಲ್ಲಿ ನಾಲ್ಕನೇ ಸ್ಟೇಷನ್ ಸಾನ್‌ಪಾಡಾ. ಅಲ್ಲಿ, ಕಲ್ಯಾಣದಲ್ಲಿ, ಮೀರಾ ರೋಡಿನಲ್ಲಿ, ದಾದರಿನಲ್ಲಿ 2024ರಲ್ಲಿ ಟೋರೆಸ್ ಎಂಬ ಒಡವೆ ಮಳಿಗೆಗಳು ನಡೆಯುತ್ತಿದ್ದವು. ಮೋಯಿಸನೈಟ್ ಎಂಬ ಹರಳು ಕೊಂಡರೆ ವಾರಕ್ಕೆ 6 ಶೇಕಡಾ ಆದಾಯ ಎಂಬುದು ಆಮಿಷ. ವರ್ಷದ 52 ವಾರಕ್ಕೆ 312 ಶೇಕಡಾ! ಕಾಗದದ ಮೇಲೆ ಬರೆದರೆ ಹೈಸ್ಕೂಲು ಹುಡುಗನೂ ನಗುವ ಲೆಕ್ಕ ಇದು. ಆದರೆ ಯಾರೂ ಕಾಗದದ ಮೇಲೆ ನೋಡಲಿಲ್ಲ. ಸ್ವಲ್ಪ ಹಾಕಿದರು, ವಾರವಾರವೂ ಹಣ ನಿಜವಾಗಿಯೇ ಬಂತು, ಮತ್ತಷ್ಟು ಹಾಕಿದರು. ಹೊಸಬರನ್ನು ಕರೆತಂದರೆ ಬೋನಸ್ ಇತ್ತು, ಹೀಗಾಗಿ ತರಕಾರಿ ಮಾರುವವರು, ಸಣ್ಣ ವ್ಯಾಪಾರಿಗಳು ಪಕ್ಕದವರಿಗೆ ತಾವೇ ಸಾಕ್ಷಿಯಾದರು. ವರ್ಷದ ಕೊನೆಗೆ ಹಣ ಬರುವುದು ನಿಂತಿತು. 2025ರ ಜನವರಿ 6ರಂದು ದಾದರಿನ ಬೀಗ ಹಾಕಿದ ಮಳಿಗೆಯ ಮುಂದೆ ಜನ ಜಮಾಯಿಸಿದರು. ಹಳಬರ ಹಣಕ್ಕೆ ಹೊಸಬರ ಹಣ ಹೊಂದಿಸುತ್ತಿದ್ದ ಪೋಂಜಿ ಯೋಜನೆ ಇದು ಎಂಬುದು ಪೊಲೀಸರ ಆರೋಪ. ಹಣ ಕಳೆದುಕೊಂಡವರನ್ನು ದುರಾಸೆಯವರು ಎಂದು ಜರಿದದ್ದು ಆಗ ಬಹಳ ಕೇಳಿಬಂತು. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಪಿಗ್ಮಿ ಏಜೆಂಟನ್ನು ನಂಬಿ ಮೇಲೆ ಬಂದವರ ಮನಸ್ಸು ಕೆಲಸಮಾಡಿದ ರೀತಿಗೂ ಇವರ ಮನಸ್ಸು ಕೆಲಸಮಾಡಿದ ರೀತಿಗೂ ಹೆಚ್ಚು ಅಂತರವಿಲ್ಲ.

ಇನ್ನು 'ಡಿಜಿಟಲ್ ಅರೆಸ್ಟ್', ಪೊಲೀಸರೆಂದು ಹೇಳಿಕೊಂಡು ವಿಡಿಯೋ ಕಾಲಿನಲ್ಲೇ ಮನುಷ್ಯನನ್ನು ಕಟ್ಟಿಹಾಕಿ ಹಣ ಕೀಳುವ ವಂಚನೆ. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಇಂಥ ಒಂದು ಕರೆಯ ಧ್ವನಿಮುದ್ರಣವನ್ನೇ ಕೇಳಿಸಿದರು. ಆ ಕಡೆಯಿಂದ ಪೊಲೀಸ್ ವೇಷದವನು ಗದರಿಸುತ್ತಿದ್ದುದು ನಮ್ಮ ವಿಜಯಪುರದವರೊಬ್ಬರನ್ನು. ಇದನ್ನು ಬರೀ ಹೆದರಿಕೆಯ ಆಟ ಎಂದುಕೊಂಡರೆ ಅರ್ಧ ಮಾತ್ರ ತಿಳಿದಂತೆ. ಕರೆ ಮಾಡಿದವನು ಮೊದಲೇ ಲಕ್ಷ ರೂಪಾಯಿ ಕೇಳುವುದಿಲ್ಲ. ಒಂದನ್ನು ಒತ್ತಿ. ಆಧಾರ್‌ನ ಕೊನೆಯ ನಾಲ್ಕು ಅಂಕಿ ಹೇಳಿ. ವಿಡಿಯೋ ಕಾಲಿಗೆ ಬನ್ನಿ. ಬಾಗಿಲು ಹಾಕಿಕೊಳ್ಳಿ. ಕ್ಯಾಮರಾ ಆಫ್ ಮಾಡಬೇಡಿ. ಮಗನಿಗೆ ಹೇಳಬೇಡಿ. ಪ್ರತಿಯೊಂದೂ ಸಣ್ಣದು, ಪ್ರತಿಯೊಂದೂ ಹಿಂದಿನದಕ್ಕಿಂತ ಒಂದೇ ಗೇಣು ಮುಂದೆ. ಸ್ಟಾನ್ಲಿ ಮಿಲ್‌ಗ್ರಾಂ 1963ರಲ್ಲಿ ಪ್ರಕಟಿಸಿದ ಯೇಲ್ ಪ್ರಯೋಗದಲ್ಲಿ 40 ಜನರ ಪೈಕಿ 26 ಜನ ಇನ್ನೊಬ್ಬ ಮನುಷ್ಯನಿಗೆ 450 ವೋಲ್ಟಿನ ಶಾಕ್ ಕೊಡುತ್ತಿದ್ದೇವೆಂದು ನಂಬಿಯೂ ಗುಂಡಿ ಒತ್ತಿದರು. ಅಧಿಕಾರಕ್ಕೆ ತಲೆಬಾಗುವುದರ ಬಗ್ಗೆ ಇದನ್ನು ಎಲ್ಲರೂ ಉದಾಹರಿಸುತ್ತಾರೆ. ಆ ಯಂತ್ರದ ಗುಂಡಿಗಳು 15, 30, 45 ಎಂದು ಹದಿನೈದು ಹದಿನೈದಾಗಿ ಏರುತ್ತಿದ್ದುದನ್ನು ಕಡಿಮೆ ಜನ ನೆನೆಯುತ್ತಾರೆ. 150 ಒತ್ತಿದವನಿಗೆ 165 ಒತ್ತದಿರಲು ಏನು ಕಾರಣವಿದೆ?

ಕೊನೆಗೆ ಆ ನಕಲಿ ಅಧಿಕಾರಿ, ನಿಮ್ಮ ಹಣವನ್ನು ರಿಸರ್ವ್ ಬ್ಯಾಂಕು ತಪಾಸಣೆ ಮಾಡಿ ಹಿಂದಿರುಗಿಸುತ್ತದೆ, ಈ ಖಾತೆಗೆ ಹಾಕಿ ಎನ್ನುತ್ತಾನೆ. ಬೇಲಾಪುರ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲೇ ರಿಸರ್ವ್ ಬ್ಯಾಂಕಿನ ಕಟ್ಟಡವಿದೆ. ನವಿ ಮುಂಬಯಿ ಪೊಲೀಸ್ ಕಮಿಷನರ್ ಕಚೇರಿ ಇರುವುದೂ ಬೇಲಾಪುರದಲ್ಲೇ. ಹೋಗಿ ಕೇಳಬಹುದಿತ್ತಲ್ಲ ಎಂದು ಆಮೇಲೆ ಎಲ್ಲರೂ ಅನ್ನುತ್ತಾರೆ. ಹೋಗದಂತೆ ಮಾಡುವುದೇ ಇಡೀ ತಂತ್ರ. ಸುಪ್ರೀಂ ಕೋರ್ಟು 2025ರ ಅಕ್ಟೋಬರಿನಲ್ಲಿ ಇದನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡು ಡಿಸೆಂಬರ್ 1ರಂದು ಸಿಬಿಐಗೆ ತನಿಖೆ ಒಪ್ಪಿಸಿತು.

ಈಗ ಹುಡುಗನ ಮಾತಿನ ಉಳಿದರ್ಧಕ್ಕೆ ಬರೋಣ. ಫ್ರಾನ್ಸಿನ ನಿಕೋಲಾ ಗೆಗೆನ್ ಮತ್ತು ಅಲೆಕ್ಸಾಂಡರ್ ಪಾಸ್ಕುಅಲ್ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಾರಿಹೋಕರ ಬಳಿ ಬಸ್ಸಿಗೆ ಚಿಲ್ಲರೆ ಕೇಳಿಸಿದರು. ಸುಮ್ಮನೆ ಕೇಳಿದಾಗ 10 ಶೇಕಡಾ ಕೊಟ್ಟರು. 'ಕೊಡುವುದು ಬಿಡುವುದು ನಿಮ್ಮಿಷ್ಟ' ಎಂದು ಸೇರಿಸಿದಾಗ 47.5 ಶೇಕಡಾ ಕೊಟ್ಟರು. ಯಾರಾದರೂ ನಮ್ಮನ್ನು ಒತ್ತುತ್ತಿದ್ದಾರೆ ಅನಿಸಿದರೆ ಒಳಗೊಂದು ಹಟ ಏಳುತ್ತದೆ. ಬೇಡ ಅನ್ನುವ ಹಕ್ಕನ್ನು ಎದುರಿನವನೇ ಎತ್ತಿ ಕೊಟ್ಟರೆ ಆ ಹಟಕ್ಕೆ ಕೆಲಸವಿರುವುದಿಲ್ಲ. ಇಷ್ಟೆಲ್ಲ ತಂತ್ರಗಳಲ್ಲಿ ಡಿಜಿಟಲ್ ಅರೆಸ್ಟಿನವನು ಬಳಸಲಾಗದ ತಂತ್ರ ಇದೊಂದೇ. ಪ್ಲಾಟಿನ ಹುಡುಗ ಬಳಸಬಲ್ಲ, ಬಳಸುತ್ತಾನೆ, ಆದರೆ ಮಧ್ಯಾಹ್ನದ ಊಟದವರೆಗೆ ಮಾತ್ರ. ಊಟದ ಮೇಲೆ ಅವನ ಮಾತು 'ಇವತ್ತೇ ಟೋಕನ್ ಕೊಟ್ಟರೆ ಈ ರೇಟು, ನಾಳೆ ನನ್ನ ಕೈಯಲ್ಲಿಲ್ಲ' ಎಂದು ತಿರುಗುತ್ತದೆ. ಅವನಿಗೂ ಒಂದು ಒಳಸುಳಿ ಗೊತ್ತು. ಕ್ರಿಸ್ಟೋಫರ್ ಕಾರ್ಪೆಂಟರ್ 2013ರಲ್ಲಿ ಇಂಥ 42 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ, ತೀರ್ಮಾನ ಆ ಕ್ಷಣದಲ್ಲೇ ಆಗದೆ ಮುಂದಕ್ಕೆ ಹೋದರೆ 'ನಿಮ್ಮಿಷ್ಟ'ದ ಬಲ ಕುಗ್ಗುತ್ತದೆ ಎಂದು ಕಂಡಿತು.

ಹಾಗಾಗಿ ಕೆಲವು ನಿಯಮಗಳು ಜನರಿಗೆ ಬುದ್ಧಿ ಹೇಳುವ ಬದಲು ನಡುವೆ ಒಂದಿಷ್ಟು ಸಮಯ ತುರುಕುತ್ತವೆ. ವಿಮಾ ಪಾಲಿಸಿ ಕೈಗೆ ಬಂದ ಮೇಲೆ ಬೇಡವೆಂದು ಹಿಂದಿರುಗಿಸುವ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ 15 ದಿನದಿಂದ 30 ದಿನಕ್ಕೆ ಏರಿಸಿತು. ಹಣ ಹೋದ ಮೇಲಾದರೆ ತಡ ಸಲ್ಲದು, ಸೈಬರ್ ವಂಚನೆಯ 1930 ಸಂಖ್ಯೆಗೆ ಬೇಗ ಕರೆಮಾಡಿದಷ್ಟೂ ಹಣವನ್ನು ಮುಂದಿನ ಖಾತೆಗೆ ಹೋಗದಂತೆ ತಡೆಯುವ ಸಾಧ್ಯತೆ ಹೆಚ್ಚು. ಇನ್ನು ಕೆಲವು ಕಡೆ ಬೇಡಿಕೆಯ ಬಾಗಿಲನ್ನೇ ಮುಚ್ಚಿದ್ದಾರೆ. ಯುಪಿಐನಲ್ಲಿ ಅಪರಿಚಿತನೊಬ್ಬ 'ಕಲೆಕ್ಟ್ ರಿಕ್ವೆಸ್ಟ್' ಕಳಿಸಿ, ನಿಮಗೆ ಹಣ ಬರುತ್ತದೆ, ಪಿನ್ ಒತ್ತಿ ಎಂದು ನಂಬಿಸುತ್ತಿದ್ದ. ಒತ್ತಿದರೆ ಹಣ ಹೋಗುತ್ತಿತ್ತು. ರಾಷ್ಟ್ರೀಯ ಪಾವತಿ ನಿಗಮ 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಆ ಬೇಡಿಕೆಯನ್ನೇ ನಿಲ್ಲಿಸಿತು. ವ್ಯಾಪಾರಿಗಳು ಗಿರಾಕಿಗೆ ಕಳಿಸುವ ರಿಕ್ವೆಸ್ಟು ಮಾತ್ರ ಈಗಲೂ ಬರುತ್ತದೆ.